ಗೋದಿಯಲ್ಲಿ ದುಡಿದ ಅಜ್ಜ

ಚಿಕ್ಕವಳಿದ್ದಾಗ ನಮ್ಮಜ್ಜ ಬೊಂಬಾಯಿಯಲ್ಲಿ ಗೋಧಿ ವ್ಯಾಪಾರ ಮಾಡುತ್ತಿದ್ದರು ಎಂದೇ ನಾನು ತಿಳಿದಿದ್ದೆ. ಯಾರು ಕೇಳಿದರೂ ಅವರು ಹೇಳುತ್ತಿದ್ದುದು ಒಂದೇ: ‘ನಾನು ಗೋದಿಯಲ್ಲಿದ್ದೆ.’ ಹೈಸ್ಕೂಲಿಗೆ ಬಂದ ಮೇಲೆ ಅಪ್ಪ ನಕ್ಕು ಸರಿಪಡಿಸಿದರು. ಮರಾಠಿಯಲ್ಲಿ ಗೋದಿ ಎಂದರೆ ಹಡಗುಕಟ್ಟೆ, ಇಂಗ್ಲಿಷಿನ ಡಾಕ್. ನಮ್ಮ ಕರಾವಳಿಯವರು ಧಕ್ಕೆ ಎನ್ನುವುದು ಅದನ್ನೇ. ತಮಾಷೆಯೆಂದರೆ ನನ್ನ ತಪ್ಪೂ ಪೂರ್ತಿ ತಪ್ಪಲ್ಲ. ಅಜ್ಜ ಕೆಲಸಕ್ಕೆ ಸೇರಿದ್ದು 1962ರಲ್ಲಿ, ಅಮೆರಿಕದ ಪಿ.ಎಲ್. 480 ಗೋಧಿ ಹಡಗು ಹಡಗಾಗಿ ದೇಶಕ್ಕೆ ಬರುತ್ತಿದ್ದ ಕಾಲ. ಅಂದರೆ ಅಜ್ಜ ಗೋದಿಯಲ್ಲಿ ಗೋಧಿ ಹೊತ್ತವರು. ಅವರ ಬಲ ಹೆಗಲು ಎಡಕ್ಕಿಂತ ಒಂದಿಷ್ಟು ತಗ್ಗಿದೆ. ಅಂಗಿ ಹೊಲಿಯುವ ಟೈಲರ್‌ಗೆ ಪ್ರತಿ ಸಲವೂ ಹೇಳಬೇಕು.

ಇದೆಲ್ಲ ಮತ್ತೆ ನೆನಪಾದದ್ದು ಕಳೆದ ಸೆಮಿಸ್ಟರ್‌ನಲ್ಲಿ. ನಾನು ಮೆಕ್ಯಾನಿಕಲ್ ಮೂರನೇ ವರ್ಷದ ವಿದ್ಯಾರ್ಥಿನಿ. ಕಾಲೇಜಿನಿಂದ ಪಣಂಬೂರಿನ ನವ ಮಂಗಳೂರು ಬಂದರಿಗೆ ಇಂಡಸ್ಟ್ರಿಯಲ್ ವಿಸಿಟ್ ಇತ್ತು. ಕ್ರೇನ್ ಕೆಳಗೆ ನಿಂತು ನಾವೆಲ್ಲ ಭಾರ, ಬೂಮ್, ಕೌಂಟರ್‌ವೇಟ್ ಎಂದು ಲೆಕ್ಕ ಹಾಕುತ್ತಿದ್ದೆವು. ಒಂದು ಕಂಟೇನರ್ ಮೇಲೆದ್ದು, ತಿರುಗಿ, ಟ್ರೇಲರ್ ಮೇಲೆ ಕೂರಲು ಕೆಲವೇ ನಿಮಿಷ. ಇಡೀ ಬರ್ತ್‌ನಲ್ಲಿ ನನ್ನ ಕಣ್ಣಿಗೆ ಬಿದ್ದ ಜನರನ್ನು ಎರಡು ಕೈಬೆರಳಲ್ಲಿ ಎಣಿಸಬಹುದಿತ್ತು. ಮನೆಗೆ ಬಂದು ಅಜ್ಜನಿಗೆ ಹೇಳಿದೆ. ಅವರು ಕ್ರೇನಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದ್ದು ಇಷ್ಟೇ: ‘ಬೆಳಿಗ್ಗೆ ಗೇಟಿನ ಹತ್ತಿರ ಎಷ್ಟು ಜನ ನಿಂತಿದ್ದರು?’

ಆ ಪ್ರಶ್ನೆ ಅರ್ಥವಾಗಲು ನಾನು ಸ್ವಲ್ಪ ಓದಬೇಕಾಯಿತು.

ಹಡಗು ಬಸ್ಸಿನಂತೆ ಹೇಳಿದ ಹೊತ್ತಿಗೆ ಬರುವುದಿಲ್ಲ. ಗಾಳಿ, ಮಳೆ, ಸುಗ್ಗಿ, ಯುದ್ಧ ಎಲ್ಲವೂ ಅದರ ಮೇಲೆ ಕೈಯಾಡಿಸುತ್ತವೆ. ಇಂದು ಐದು ಹಡಗು, ನಾಳೆ ಒಂದೂ ಇಲ್ಲ. ಈ ಏರಿಳಿತದ ನಷ್ಟವನ್ನು ಯಾರು ಹೊರಬೇಕು? ಹಡಗಿನ ಮಾಲೀಕರೂ ಡಾಕ್ ಕಂಪನಿಗಳೂ ಕಂಡುಕೊಂಡ ಉತ್ತರ ಸುಲಭದ್ದು. ಯಾರನ್ನೂ ಕಾಯಂ ಇಟ್ಟುಕೊಳ್ಳಬಾರದು. ಬೆಳಿಗ್ಗೆ ಗೇಟಿನ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಜನ ಸೇರುವಂತೆ ನೋಡಿಕೊಳ್ಳಬೇಕು, ಬೇಕಾದಷ್ಟು ಮಂದಿಯನ್ನು ಆರಿಸಿ ಉಳಿದವರನ್ನು ಕಳುಹಿಸಬೇಕು. ಲಂಡನ್, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಬೊಂಬಾಯಿ, ಕಲ್ಕತ್ತಾ, ಎಲ್ಲ ಕಡೆಯೂ ನಡೆದದ್ದು ಇದೇ.

ಲಂಡನ್ನಿನಲ್ಲಿ 1880ರ ದಶಕದ ಹೊತ್ತಿಗೆ ಹೀಗೆ ಆರಿಸುವ ಜಾಗಕ್ಕೆ ಕಾರ್ಮಿಕರು ‘ಪಂಜರ’ ಎನ್ನುತ್ತಿದ್ದರು. ಕಂಬಿಗಳ ಆಚೆ ಮೇಸ್ತ್ರಿ, ಈಚೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ನೂರಾರು ಗಂಡಸರು. ಗಂಟೆಗೆ 5 ಪೆನ್ಸ್ ಕೂಲಿ. ಒಂದೇ ಗಂಟೆ ಕೆಲಸ ಕೊಟ್ಟು ಸಾಕು ಹೋಗು ಎನ್ನಬಹುದಿತ್ತು. ಹಿಂದಿನ ದಿನದಿಂದ ಏನೂ ತಿನ್ನದವರು ಒಂದೆರಡು ಗಂಟೆ ದುಡಿದು, ಆ ಪೆನ್ಸ್‌ಗಳನ್ನು ಹಿಡಿದುಕೊಂಡು ಊಟಕ್ಕೆ ಹೋಗುತ್ತಿದ್ದರು ಎಂದು ಡಾಕ್ ಕಂಪನಿಯೊಂದರ ಮ್ಯಾನೇಜರೇ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡಿದ್ದ.

1889ರ ಆಗಸ್ಟ್ 14ರಂದು ಇದೇ ಜನ ಕೆಲಸ ನಿಲ್ಲಿಸಿದರು. ಬೆನ್ ಟಿಲೆಟ್, ಟಾಮ್ ಮ್ಯಾನ್, ಜಾನ್ ಬರ್ನ್ಸ್ ಮುಂದಾಳುಗಳು. ಗಂಟೆಗೆ 6 ಪೆನ್ಸ್ ಬೇಕು ಎಂಬ ಬೇಡಿಕೆಯನ್ನೇ ಎಲ್ಲರೂ ನೆನಪಿಡುತ್ತಾರೆ. ನನಗೆ ಮುಖ್ಯವೆನಿಸಿದ್ದು ಇನ್ನೊಂದು: ಒಮ್ಮೆ ಒಳಗೆ ಕರೆದರೆ ಕನಿಷ್ಠ 4 ಗಂಟೆಯ ಕೂಲಿ ಕೊಡಬೇಕು. ಮುಷ್ಕರದ ಹಣ ಮುಗಿಯುತ್ತಾ ಬಂದಾಗ ಆಸ್ಟ್ರೇಲಿಯಾದಿಂದ ಸುಮಾರು 30,000 ಪೌಂಡ್ ದೇಣಿಗೆ ಬಂತು. ಕೊನೆಗೆ 81 ವರ್ಷದ ಕಾರ್ಡಿನಲ್ ಮ್ಯಾನಿಂಗ್ ಮಧ್ಯಸ್ಥಿಕೆ ವಹಿಸಿದರು. ಸೆಪ್ಟೆಂಬರ್ 16ರಂದು ಕೆಲಸ ಶುರುವಾಗುವ ಹೊತ್ತಿಗೆ 6 ಪೆನ್ಸ್ ಗೆದ್ದಾಗಿತ್ತು. ಆದರೆ ಗೇಟು ಹಾಗೇ ಉಳಿಯಿತು. ಕೂಲಿ ಒಂದು ಪೆನ್ನಿ ಏರಿತೇ ಹೊರತು ನಾಳೆ ಕರೆಯುತ್ತಾರೋ ಇಲ್ಲವೋ ಎಂಬ ಪ್ರಶ್ನೆ ಎಲ್ಲಿತ್ತೋ ಅಲ್ಲೇ ಇತ್ತು.

ನ್ಯೂಯಾರ್ಕಿನ ಕಥೆ ಇನ್ನೂ ಕೆಟ್ಟದ್ದು. ಅಲ್ಲಿ ಅರ್ಧವೃತ್ತಾಕಾರದಲ್ಲಿ ನಿಂತವರ ಪೈಕಿ ಕೆಲವರು ಕಿವಿಯ ಹಿಂದೆ ಹಲ್ಲುಕಡ್ಡಿ ಸಿಕ್ಕಿಸಿಕೊಂಡಿರುತ್ತಿದ್ದರಂತೆ. ಕೂಲಿಯಲ್ಲಿ ಒಂದು ಪಾಲು ಮೇಸ್ತ್ರಿಗೆ ವಾಪಸ್ ಕೊಡಲು ತಯಾರಿದ್ದೇನೆ ಎಂಬುದಕ್ಕೆ ಗುರುತು. 1953ರಲ್ಲಿ ಕಾನೂನು ತಂದು ಈ ಪದ್ಧತಿಯನ್ನು ನಿಲ್ಲಿಸಬೇಕಾಯಿತು.

ಇದನ್ನು ಓದಿ ಹೇಳಿದಾಗ ಅಜ್ಜನಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ನಮ್ಮಲ್ಲಿ ಕಡ್ಡಿ ಇರಲಿಲ್ಲ, ಚಹಾ ಇತ್ತು’ ಎಂದರು. ಮುಕಾದಮನ ಚಹಾದ ಲೆಕ್ಕವನ್ನು ತೀರಿಸುವವನ ಹೆಸರು ಮೊದಲು ಕೇಳಿಬರುತ್ತಿತ್ತಂತೆ. ಊರಿನಿಂದ ಬಂದ ಹೊಸತರಲ್ಲಿ ಅಜ್ಜ ಬೆಳಕು ಹರಿಯುವ ಮೊದಲೇ ಗೇಟಿನ ಬಳಿ ಹೋಗಿ ನಿಲ್ಲುತ್ತಿದ್ದರು. ವಾರದಲ್ಲಿ ಮೂರು ದಿನ ಕೆಲಸ ಸಿಕ್ಕರೆ ಅದು ಒಳ್ಳೆಯ ವಾರ. ಅವರಿಗಾಗ 20 ವರ್ಷ, ಈಗ ನನಗಿರುವಷ್ಟೇ. ಕೆಲಸ ಸಿಗದ ದಿನ ಖೋಲಿಗೆ ಹೋಗಲು ನಾಚಿಕೆಯಾಗಿ ಸಂಜೆಯವರೆಗೆ ಸುಮ್ಮನೆ ನಡೆಯುತ್ತಿದ್ದೆ ಎಂದು ಒಮ್ಮೆ ಹೇಳಿದರು. ಮತ್ತೊಮ್ಮೆ ಕೇಳಿದರೆ ಆ ಮಾತು ತೆಗೆಯುವುದಿಲ್ಲ.

ಬೊಂಬಾಯಿಯ ಪೋರ್ಟ್ ಟ್ರಸ್ಟ್ ಶುರುವಾದದ್ದು 1873ರಲ್ಲಿ. ಸಸೂನ್ ಡಾಕ್ 1875ರದು, ಪ್ರಿನ್ಸಸ್ ಡಾಕ್ 1880ರದು. ಹಡಗಿನ ಕೆಲಸ ಸ್ಟೀವಡೋರ್ ಕಂಪನಿಗಳ ಕೈಯಲ್ಲಿತ್ತು. ಕೆಲಸಗಾರರನ್ನು ತಂಡ ಕಟ್ಟಿ ಒದಗಿಸಲು ಟೋಳಿವಾಲಾ ಎಂಬ ಗುತ್ತಿಗೆದಾರರಿದ್ದರು. ದಿನಗೂಲಿಯ ಈ ಅನಿಶ್ಚಿತತೆ ಹೋಗಬೇಕು, ಕಾರ್ಮಿಕರ ಹೆಸರನ್ನು ನೋಂದಾಯಿಸಬೇಕು ಎಂದು ಬ್ರಿಟಿಷರೇ ನೇಮಿಸಿದ್ದ ರಾಯಲ್ ಕಮಿಷನ್ 1931ರಲ್ಲಿ ಶಿಫಾರಸು ಮಾಡಿತು. 1934ರಲ್ಲಿ ಸುರಕ್ಷತೆಗೆ ಸಂಬಂಧಿಸಿದ ಕಾಯ್ದೆಯೊಂದು ಬಂತು. ಅದು ಕಾಗದದಿಂದ ಕಟ್ಟೆಗೆ ಇಳಿದದ್ದು 1948ರಲ್ಲಿ.

ನಡುವಿನ ಆ ವರ್ಷಗಳಲ್ಲೇ 1944ರ ಏಪ್ರಿಲ್ 14 ಬಂತು. ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ನಿಂತಿತ್ತು. ಒಡಲಲ್ಲಿ ಸುಮಾರು 1,400 ಟನ್ ಸ್ಫೋಟಕ, ಹತ್ತಿಯ ಬೇಲ್‌ಗಳು, ಎಣ್ಣೆಯ ಪೀಪಾಯಿಗಳು, ಜತೆಗೆ 31 ಪೆಟ್ಟಿಗೆ ಚಿನ್ನದ ಗಟ್ಟಿ. ಹತ್ತಿ ಮತ್ತು ಸಿಡಿಮದ್ದನ್ನು ಒಂದೇ ಹಡಗಿನಲ್ಲಿ ತುಂಬಬಾರದೆಂದು ಹೇಳಲು ಎಂಜಿನಿಯರಿಂಗ್ ಓದಬೇಕಿಲ್ಲ. ಯುದ್ಧದ ತುರ್ತಿನಲ್ಲಿ ತುಂಬಿದ್ದರು. ಅಪಾಯಕಾರಿ ಸರಕಿದೆ ಎಂದು ಸೂಚಿಸುವ ಕೆಂಪು ಬಾವುಟವನ್ನೂ ಏರಿಸಿರಲಿಲ್ಲ. ಮಧ್ಯಾಹ್ನದ ಬಿಡುವು ಮುಗಿಸಿ ಬಂದ ಕಾರ್ಮಿಕರಿಗೆ ಹೊಗೆ ಕಾಣಿಸಿತು. ಸಂಜೆ 4 ದಾಟುತ್ತಿದ್ದಂತೆ ಹಡಗು ಸಿಡಿಯಿತು, ಸ್ವಲ್ಪ ಹೊತ್ತಿನಲ್ಲೇ ಮತ್ತೊಮ್ಮೆ. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಇಂದಿಗೂ ಏಪ್ರಿಲ್ 14ನ್ನು ದೇಶ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುವುದು ಅವರ ನೆನಪಿಗೆ.

ಒಟ್ಟು ಎಷ್ಟು ಜನ ಸತ್ತರು? ಅಂದಾಜುಗಳು 800ರಿಂದ 1,300ರವರೆಗೆ ಓಡಾಡುತ್ತವೆ. ನಾನು ಓದನ್ನು ಅಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಕುಳಿತೆ. ಚಿನ್ನದ ಪೆಟ್ಟಿಗೆ 31 ಎಂದು ನಿಖರವಾಗಿ ಗೊತ್ತಿದೆ. ದಶಕಗಳ ನಂತರ ಹೂಳೆತ್ತುವಾಗ ಸಿಕ್ಕ ಗಟ್ಟಿಯನ್ನೂ ಅದರ ಗುರುತು ಹಿಡಿದು ಮರಳಿಸಿದ್ದಾರೆ. ಮನುಷ್ಯರ ಲೆಕ್ಕದಲ್ಲಿ ಮಾತ್ರ 500ರಷ್ಟು ವ್ಯತ್ಯಾಸ! ಬೆಳಿಗ್ಗೆ ಗೇಟಿನಲ್ಲಿ ಬೆರಳು ತೋರಿಸಿ ಒಳಗೆ ಕರೆದುಕೊಂಡವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲದಿದ್ದರೆ, ಸಂಜೆ ಅವನು ಹಿಂದಿರುಗಲಿಲ್ಲ ಎಂದು ಹೇಳುವವರಾದರೂ ಯಾರು?

ಈ ‘ಪುಸ್ತಕದಲ್ಲಿ ಹೆಸರು’ ಎಂಬುದೇ ಬಂದರು ಕಾರ್ಮಿಕರ ಚರಿತ್ರೆಯ ತಿರುಳು ಎಂದು ನನಗೆ ಆಮೇಲೆ ಅನಿಸತೊಡಗಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಡಾಕ್ ಕಾರ್ಮಿಕರ (ಉದ್ಯೋಗ ನಿಯಂತ್ರಣ) ಕಾಯ್ದೆ ಬಂತು. ಅದರಡಿ ಬೊಂಬಾಯಿಯ ಯೋಜನೆ 1951ರಲ್ಲಿ ರೂಪುಗೊಂಡಿತು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಇರುವ ಡಾಕ್ ಲೇಬರ್ ಬೋರ್ಡ್. ಹೆಸರು ನೋಂದಾಯಿಸಿದವನಿಗೆ ಸರದಿಯ ಪ್ರಕಾರ ಕೆಲಸ. ಹಾಜರಾಗಿಯೂ ಕೆಲಸ ಸಿಗದ ದಿನಕ್ಕೆ ಒಂದಿಷ್ಟು ಹಾಜರಿ ಹಣ. ಇದಕ್ಕೆ ಬೇಕಾದ ಹಣವನ್ನು ಮಾಲೀಕರಿಂದ ಲೆವಿಯಾಗಿ ವಸೂಲಿ ಮಾಡುತ್ತಿದ್ದರು. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ ಇದು ಫ್ಲೈವೀಲ್ ಮಾಡುವ ಕೆಲಸ. ಹಡಗುಗಳ ಏರಿಳಿತ ಹಾಗೇ ಇರುತ್ತದೆ, ಅದರ ಹೊಡೆತ ನೇರವಾಗಿ ಮನೆಯ ಒಲೆಗೆ ತಾಗದಂತೆ ನಡುವೆ ಒಂದು ಚಕ್ರ.

ಇದು ತಾನಾಗಿ ಬಂದದ್ದಲ್ಲ. ಬೊಂಬಾಯಿ ಡಾಕ್‌ಗಳಲ್ಲಿ ಸಂಘಟನೆ ಕಟ್ಟಿದವರಲ್ಲಿ ದೊಡ್ಡ ಹೆಸರು ಪ್ಲಾಸಿಡ್ ಡಿಮೆಲ್ಲೊ. ನಮ್ಮ ಕರಾವಳಿ ಮೂಲದವರೇ. 1958ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಮುಂಬೈ ಬಂದರಿನ ಪಕ್ಕದಲ್ಲೇ ಸಾಗುವ ಉದ್ದನೆಯ ರಸ್ತೆಗೆ ಇಂದು ಅವರದೇ ಹೆಸರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಸೆಮಿನರಿ ಬಿಟ್ಟು, ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಹೋಗಿ, ಚೌಪಾಟಿಯಲ್ಲಿ ಮಲಗುತ್ತಿದ್ದ ದಿನಗಳ ನಂತರ ಪಳಗಿದ್ದೂ ಡಿಮೆಲ್ಲೊ ಅವರ ಜತೆಯಲ್ಲೇ. ರೈಲ್ವೆ ಮುಷ್ಕರದ ಜಾರ್ಜ್ ಎಲ್ಲರಿಗೂ ಗೊತ್ತು. ಅವರ ಮೊದಲ ಪಾಠಶಾಲೆ ಗೋದಿ ಎಂಬುದು ನನಗೆ ಈಗಷ್ಟೇ ತಿಳಿಯಿತು.

ಅಜ್ಜನ ಹೆಸರು ಪುಸ್ತಕಕ್ಕೆ ಏರಲು ನಾಲ್ಕು ವರ್ಷ ಹಿಡಿಯಿತು. ಕಾರ್ಡು ಸಿಕ್ಕ ವರ್ಷವೇ ಅವರ ಮದುವೆ. ಅಜ್ಜಿಯ ಅಪ್ಪ ಹುಡುಗನ ಮನೆತನ, ಜಾತಕ ಎಲ್ಲ ನೋಡಿಯೂ ಸುಮ್ಮನಿದ್ದರಂತೆ. ‘ಕಾರ್ಡ್ ಉಂಟು’ ಎಂದು ಗೊತ್ತಾದ ಮೇಲೆ ಒಪ್ಪಿದರಂತೆ. ಅಜ್ಜಿ ಬದುಕಿದ್ದಾಗ ಇದನ್ನು ಹೇಳಿ ಹೇಳಿ ನಗುತ್ತಿದ್ದರು.

ಅದೇ ಹೊತ್ತಿಗೆ ಜಗತ್ತಿನ ಇನ್ನೊಂದು ತುದಿಯಲ್ಲಿ ಗೋದಿಯ ಕೆಲಸವನ್ನೇ ಮುಗಿಸುವ ಪೆಟ್ಟಿಗೆ ತಯಾರಾಗಿತ್ತು. ನಮ್ಮ ಸಿಲೆಬಸ್‌ನಲ್ಲಿ ಬರುವ ಭಾಗ ಇದು. 1956ರ ಏಪ್ರಿಲ್ 26ರಂದು ಮಾಲ್ಕಂ ಮ್ಯಾಕ್ಲೀನ್ ಎಂಬ ಟ್ರಕ್ ಮಾಲೀಕ ಐಡಿಯಲ್-ಎಕ್ಸ್ ಎಂಬ ಹಳೆಯ ಟ್ಯಾಂಕರ್ ಹಡಗಿನ ಮೇಲೆ 58 ಲೋಹದ ಪೆಟ್ಟಿಗೆಗಳನ್ನು ಇಟ್ಟು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳುಹಿಸಿದ. ತುಂಬಲು ಹಿಡಿದದ್ದು 8 ಗಂಟೆಗೂ ಕಡಿಮೆ. ಮೂಟೆ, ಪೀಪಾಯಿ, ಬೇಲ್‌ಗಳನ್ನು ಒಂದೊಂದಾಗಿ ಕೈಯಿಂದ ತುಂಬಲು ಟನ್ನಿಗೆ 5 ಡಾಲರ್ 80 ಸೆಂಟ್‌ಗೂ ಹೆಚ್ಚು ಬೀಳುತ್ತಿದ್ದ ಕಾಲದಲ್ಲಿ ಈ ಹಡಗಿನ ಖರ್ಚು ಟನ್ನಿಗೆ ಸುಮಾರು 16 ಸೆಂಟ್. ಮೂಲೆಯ ಬೀಡುಗಳನ್ನೂ ಪೆಟ್ಟಿಗೆಗಳನ್ನು ಒಂದಕ್ಕೊಂದು ಬಿಗಿಯುವ ಟ್ವಿಸ್ಟ್‌ಲಾಕನ್ನೂ ರೂಪಿಸಿದವನು ಕೀತ್ ಟ್ಯಾಂಟ್‌ಲಿಂಗರ್ ಎಂಬ ಎಂಜಿನಿಯರ್. ಕಂಪನಿ ಆ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದರಿಂದ ಇಡೀ ಜಗತ್ತಿಗೆ ಒಂದೇ ಅಳತೆ ಬಂತು. ಇದನ್ನು ಓದುವಾಗ ನನಗೆ ರೋಮಾಂಚನವಾಗುತ್ತದೆ, ಸುಳ್ಳೇಕೆ ಹೇಳಲಿ. ಎಷ್ಟು ಸರಳ, ಎಷ್ಟು ಗಟ್ಟಿ ವಿನ್ಯಾಸ!

ಆದರೆ ಟನ್ನಿಗೆ ಉಳಿದ ಆ ಐದೂಮುಕ್ಕಾಲು ಡಾಲರ್ ಎಲ್ಲಿಂದ ಬಂತು? ಹೆಚ್ಚಿನ ಪಾಲು ಕೂಲಿಯಿಂದ. ಪುಸ್ತಕದಲ್ಲಿ ಅದು ‘ಉಳಿತಾಯ’ ಎಂಬ ಕಾಲಮ್ಮಿನಲ್ಲಿರುತ್ತದೆ. ಅದನ್ನು ಯಾರು ಯಾರೊಂದಿಗೆ ಹಂಚಿಕೊಂಡರು ಎಂಬ ಕಾಲಮ್ಮು ಇರುವುದಿಲ್ಲ.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹಂಚಿಕೊಂಡರು. ಅಲ್ಲಿಯ ಕಾರ್ಮಿಕರು 1934ರಲ್ಲಿ ದೊಡ್ಡ ಮುಷ್ಕರ ನಡೆಸಿ, ಗೇಟಿನ ಬದಲು ಸರದಿಯಲ್ಲಿ ಕೆಲಸ ಹಂಚುವ ಹಾಲ್ ಗಳಿಸಿಕೊಂಡಿದ್ದರು. ಆ ಹೋರಾಟದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತಿದ್ದರು. ಅವರ ನಾಯಕ ಹ್ಯಾರಿ ಬ್ರಿಜಸ್ 1960ರಲ್ಲಿ ಮಾಲೀಕರೊಂದಿಗೆ ಒಂದು ಒಪ್ಪಂದಕ್ಕೆ ಬಂದ. ಯಂತ್ರಗಳನ್ನು ತನ್ನಿ, ನಾವು ತಡೆಯುವುದಿಲ್ಲ. ಬದಲಿಗೆ ವರ್ಷಕ್ಕೆ 50 ಲಕ್ಷ ಡಾಲರ್ ನಿಧಿಗೆ ಹಾಕಿ, ನೋಂದಾಯಿತ ಯಾರನ್ನೂ ತೆಗೆಯಬೇಡಿ, ಬೇಗ ನಿವೃತ್ತರಾಗುವವರಿಗೆ ಇಡಿಗಂಟು ಕೊಡಿ. ಬ್ರಿಜಸ್‌ನನ್ನು ಇದಕ್ಕಾಗಿ ಹೊಗಳುವವರಷ್ಟೇ ಬೈಯುವವರೂ ಇದ್ದಾರೆ. ಕಾರಣ, ‘ಬಿ’ ಪಟ್ಟಿಯಲ್ಲಿದ್ದವರಿಗೆ ಆ ಭದ್ರತೆ ಇರಲಿಲ್ಲ. ಅಲ್ಲೂ ಪುಸ್ತಕ, ಅಲ್ಲೂ ಪುಸ್ತಕದ ಅಂಚಿನಲ್ಲಿ ನಿಂತವರು.

ನನಗೆ ಕಂಡದ್ದು ಇಷ್ಟು: ಯಂತ್ರ ಬಂದಾಗ ನೋಂದಾಯಿತ ಕಾರ್ಮಿಕನ ಜತೆ ಕುಳಿತು ಮಾತನಾಡಲೇಬೇಕು. ನಿನ್ನ ಕೆಲಸ ಹೋಗುತ್ತಿದೆ, ಪ್ರತಿಯಾಗಿ ಇದನ್ನು ತೆಗೆದುಕೋ ಎನ್ನಬೇಕು. ಗೇಟಿನ ಹೊರಗೆ ನಿಂತವನಿಗೆ ಏನನ್ನೂ ಹೇಳಬೇಕಿಲ್ಲ. ನಾಳೆ ಕರೆಯದಿದ್ದರೆ ಮುಗಿಯಿತು.

ಬ್ರಿಟನ್ನಿನಲ್ಲಿ 1947ರಲ್ಲಿ ಬಂದ ನೋಂದಣಿ ಯೋಜನೆ 1989ರವರೆಗೆ ಇತ್ತು. ಅಷ್ಟರಲ್ಲಿ ಲಂಡನ್ನಿನ ಹಳೆಯ ಡಾಕ್‌ಗಳು ಒಂದೊಂದಾಗಿ ಮುಚ್ಚಿದ್ದವು. 1889ರ ಮುಷ್ಕರ ಮೊದಲಾದ ವೆಸ್ಟ್ ಇಂಡಿಯಾ ಡಾಕ್ಸ್ ಇದ್ದ ಜಾಗದಲ್ಲಿ ಈಗ ಕ್ಯಾನರಿ ವಾರ್ಫ್ ಇದೆ. ದೊಡ್ಡ ದೊಡ್ಡ ಬ್ಯಾಂಕುಗಳ ಗಾಜಿನ ಕಟ್ಟಡಗಳು. ನಮ್ಮ ಸೀನಿಯರ್‌ಗಳು ಆನ್‌ಸೈಟ್ ಎಂದು ಕನಸು ಕಾಣುವುದು ಇಂಥ ಜಾಗವನ್ನೇ. ನಮ್ಮಲ್ಲಿ 1989ರಲ್ಲಿ ನಾವಾ ಶೇವಾದ ಹೊಸ ಬಂದರು ಶುರುವಾಯಿತು, ಕಂಟೇನರ್‌ಗಳು ಅತ್ತ ಹೋದವು. ದೊಡ್ಡ ಬಂದರುಗಳಿಗೆ 1948ರ ಕಾಯ್ದೆ ಅನ್ವಯಿಸದಂತೆ ಮಾಡಲು ದಾರಿ ತೆರೆದ ಇನ್ನೊಂದು ಕಾಯ್ದೆ 1997ರಲ್ಲಿ ಬಂತು. ಅಜ್ಜ ಅದಕ್ಕೂ ಮೊದಲೇ ಸ್ವಯಂ ನಿವೃತ್ತಿ ತೆಗೆದುಕೊಂಡು ಊರಿಗೆ ಮರಳಿದ್ದರು. ಆ ಹಣದಲ್ಲಿ ಮನೆಗೆ ಹೊಸ ಹಂಚು, ಒಂದು ಬಾವಿ, ಅಪ್ಪನ ಡಿಪ್ಲೊಮಾ. ನಾನು ಬಿ.ಇ. ಓದುತ್ತಿರುವುದರ ಹಿಂದೆ ಆ ಕಾರ್ಡು ಇದೆ ಎಂದರೆ ಉತ್ಪ್ರೇಕ್ಷೆಯಲ್ಲ. ಅಜ್ಜನ ಜತೆ ಗೇಟಿನಲ್ಲಿ ನಿಂತು ಕಾರ್ಡು ಸಿಗದೇ ಹೋದವರ ಮಕ್ಕಳು ಏನು ಓದಿದರೋ.

ಹೋದ ವರ್ಷ ಪಾಸಾದ ನಮ್ಮ ಸೀನಿಯರ್ ಒಬ್ಬ ಈಗ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಾ ಡೆಲಿವರಿ ಮಾಡುತ್ತಿದ್ದಾನೆ. ಆ್ಯಪ್ ತೆರೆದಿಟ್ಟು ಹೋಟೆಲುಗಳ ಎದುರಿನ ಕಟ್ಟೆಯಲ್ಲಿ ಕೂರುವುದು. ಆರ್ಡರ್ ಬಂದರೆ ದುಡ್ಡು, ಬಾರದಿದ್ದರೆ ಕುಳಿತ ಹೊತ್ತಿಗೆ ಬೆಲೆಯಿಲ್ಲ. ಅವನು ಫೋನಿನಲ್ಲಿ ಇದನ್ನು ಹೇಳುವಾಗ ಮುಕಾದಮ, ಗೇಟು ಎರಡೂ ಅಂಗೈಯೊಳಗೇ ಬಂದಿವೆಯಲ್ಲ ಎನಿಸಿತು. ಚಹಾ ಕೊಡಿಸಲೂ ಆಗದ ಮುಕಾದಮ! ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಮಾಡಿರುವ ಕಾಯ್ದೆಯನ್ನು ಓದಿದೆ. ನೋಂದಣಿ, ಕಲ್ಯಾಣ ಮಂಡಳಿ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಂಪನಿಗಳಿಂದ ಶುಲ್ಕ. ಡಾಕ್ ಲೇಬರ್ ಬೋರ್ಡಿನ ಎಲುಬುಗಳೇ. ಆದರೆ ಕೆಲಸ ಸಿಗದ ದಿನದ ಹಾಜರಿ ಹಣ ಅದರಲ್ಲಿಲ್ಲ. 1889ರವರು ಕೇಳಿದ 4 ಗಂಟೆಯೂ ಇಲ್ಲ.

ಮೊನ್ನೆ ಭಾನುವಾರ ಅಜ್ಜನಿಗೆ ರಾಟರ್‌ಡ್ಯಾಮ್ ಬಂದರಿನ ವಿಡಿಯೊ ತೋರಿಸಿದೆ. ಚಾಲಕರಿಲ್ಲದ ಗಾಡಿಗಳು, ತಾವೇ ಓಡಾಡುವ ಕ್ರೇನುಗಳು. ಕಣ್ಣು ಕಿರಿದು ಮಾಡಿಕೊಂಡು ಪೂರ್ತಿ ನೋಡಿದರು.

‘ಹಡಗಿನ ಹಗ್ಗ ಕಟ್ಟುವುದು ಯಾರು?’

‘ಮನುಷ್ಯರೇ ಅಜ್ಜಾ.’

‘ಹಡಗಿನ ಮೇಲೆ ಪೆಟ್ಟಿಗೆ ಬಿಗಿಯುವುದು?’

ಅದೂ ಮನುಷ್ಯರೇ. ಕಂಟೇನರ್‌ಗಳಿಗೆ ಕಬ್ಬಿಣದ ಸಲಾಕೆ ಹಾಕಿ ಬಿಗಿಯುವ ಲ್ಯಾಶಿಂಗ್ ಕೆಲಸ ಇಂದಿಗೂ ಹೆಚ್ಚಾಗಿ ಕೈಯಿಂದಲೇ ನಡೆಯುತ್ತದೆ, ಎತ್ತರದಲ್ಲಿ, ಮಳೆ ಗಾಳಿಯಲ್ಲಿ.

‘ಅವರಿಗೆ ಕಾರ್ಡ್ ಉಂಟಾ ಮಗಾ?’ ಎಂದು ಕೇಳಿದರು. ನಾನು ವಿಡಿಯೊವನ್ನು ಹಿಂದೆ ಸರಿಸಿ ಮತ್ತೊಮ್ಮೆ ಹಾಕಿದೆ. ಹತ್ತು ನಿಮಿಷದ ವಿಡಿಯೊದಲ್ಲಿ ಅವರು ಎಲ್ಲೂ ಕಾಣಿಸಲಿಲ್ಲ.